ಗೋಡೆ ನೋಡುವ ನಲ್ಲಿ

ನಮ್ಮ ಮನೆ ರಿಪೇರಿ ನಾವೇ ಮಾಡಿಕೊಳ್ಳಬೇಕು ಎಂಬ ಹುಮ್ಮಸ್ಸು ಬರುವುದು ಸಾಮಾನ್ಯವಾಗಿ ಭಾನುವಾರ ಸಂಜೆ, ಹಾರ್ಡ್‌ವೇರ್ ಅಂಗಡಿ ಬಾಗಿಲು ಹಾಕಿದ ಮೇಲೆ. ಬಚ್ಚಲ ನಲ್ಲಿ ಸೋರುತ್ತಿದೆ ಎಂದು ಪ್ಲಂಬರ್‌ಗೆ ಫೋನ್ ಮಾಡಿದರೆ "ನಾಳೆ ಬರ್ತೀನಿ ಸಾರ್" ಅನ್ನುತ್ತಾನೆ. ಯಾವ ನಾಳೆ ಎಂದು ಕೇಳುವ ಹಾಗಿಲ್ಲ. ಯಜಮಾನರು ಪಂಚೆ ಎತ್ತಿ ಕಟ್ಟುತ್ತಾರೆ.

ಮೊದಲು ಎಲ್ಲಿಂದ ಸೋರುತ್ತಿದೆ ನೋಡಿ. ಮೂತಿಯಿಂದ ತೊಟ್ಟಿಕ್ಕಿದರೆ ಒಳಗೆ ನೀರು ತಡೆಯುವ ರಬ್ಬರ್ ವಾಷರ್ ಸವೆದಿದೆ. ನಲ್ಲಿ ತೆರೆದಾಗ ಮಾತ್ರ ಹಿಡಿಯ ಬುಡದಲ್ಲಿ ಜಿನುಗಿದರೆ ವಾಷರ್ ನಿರಪರಾಧಿ. ಅಲ್ಲಿನ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿದರೆ ಬಹುತೇಕ ನಿಲ್ಲುತ್ತದೆ. ಕಾಲು ಸುತ್ತಿಗೇ ಪೂರ್ತಿ ತೆರೆಯುವ ಹೊಸ ನಮೂನೆಯ ನಲ್ಲಿಗಳಲ್ಲಿ ಆ ವಾಷರ್ರೇ ಇರುವುದಿಲ್ಲ, ಒಳಗಿರುವುದು ಸೆರಾಮಿಕ್ ಬಿಲ್ಲೆಗಳ ಕಾರ್ಟ್ರಿಡ್ಜ್. ಬೋರ್‌ವೆಲ್ ನೀರಿನ ಮರಳು ಬಿಲ್ಲೆಯನ್ನು ಗೀರಿದರೆ ಇಡೀ ಕಾರ್ಟ್ರಿಡ್ಜ್ ಬದಲಿಸಬೇಕು. ಅಂಗಡಿಗೆ ಹಳೆಯದನ್ನೇ ತೆಗೆದುಕೊಂಡು ಹೋಗಿ. "ಇಷ್ಟುದ್ದ" ಎಂದು ಬೆರಳಲ್ಲಿ ತೋರಿಸಿದರೆ ಅಷ್ಟುದ್ದದ್ದೇ ಸಿಗುತ್ತದೆ. ಹಿಡಿ ಕೂರುವ ಹಲ್ಲುಗಳ ಲೆಕ್ಕ ಮಾತ್ರ ಬೇರೆ ಇರುತ್ತದೆ.

ನಲ್ಲಿ ಬಿಚ್ಚುವ ಮೊದಲು ನೀರು ನಿಲ್ಲಿಸಬೇಕಲ್ಲ. ನಿಜವಾದ ಅನಾಹುತ ಆಗುವುದು ಬಚ್ಚಲಲ್ಲಲ್ಲ, ತಾರಸಿಯಲ್ಲಿ. ಟ್ಯಾಂಕಿನ ಕೆಳಗೆ ನೀರು ಬಂದ್ ಮಾಡುವ ಮೂರೋ ನಾಲ್ಕೋ ಗೇಟ್ ವಾಲ್ವ್. ಯಾವುದು ಯಾವ ಲೈನಿಗೆ ಎಂದು ಮನೆ ಕಟ್ಟಿಸಿದವರಿಗೂ ನೆನಪಿಲ್ಲ.

"ನಿಂತಿತೇನೇ?"

"ಅಡುಗೆಮನೇದು ನಿಂತ್ತು ರೀ! ಬಚ್ಚಲಲ್ಲಿ ಬರ್ತಾನೇ ಇದೆ!"

ವರ್ಷಗಟ್ಟಲೆ ಮುಟ್ಟದ ವಾಲ್ವ್ ಉಪ್ಪು ಕಟ್ಟಿ ಕೂತಿರುತ್ತದೆ. ಪೈಪ್ ರೆಂಚ್ ಹಾಕಿ ಒಂದೇ ಏಟಿಗೆ ತಿರುಗಿಸಿದರೆ ಒಳಗಿನ ಕಡ್ಡಿ ಮುರಿದು, ಗೇಟು ಮುಚ್ಚಿದಲ್ಲೇ ಉಳಿಯುತ್ತದೆ. ತೊಟ್ಟಿಕ್ಕುವುದೇನೋ ನಿಲ್ಲುತ್ತದೆ, ಆ ಲೈನಿನ ಎಲ್ಲ ನಲ್ಲಿಗಳದ್ದೂ. ಕಡ್ಡಿಯ ಬುಡಕ್ಕೆ ನಾಲ್ಕು ಹನಿ ಎಣ್ಣೆ ಬಿಟ್ಟು, ಅರ್ಧ ಗಂಟೆ ಕಾದು, ಆ ಕಡೆ ಸ್ವಲ್ಪ ಈ ಕಡೆ ಸ್ವಲ್ಪ ಆಡಿಸುತ್ತ ಮುಚ್ಚಿ. ಆರು ತಿಂಗಳಿಗೊಮ್ಮೆ ಸುಮ್ಮನೆ ತಿರುಗಿಸಿಟ್ಟರೆ ಈ ಪೂಜೆಯೇ ಬೇಡ. ಗೀಸರ್ ಸ್ವಿಚ್ ಆರಿಸಲು ಮರೆಯಬೇಡಿ.

ಇನ್ನು ಬಚ್ಚಲಿಗೆ ಇಳಿಯಿರಿ. ನೆಲದ ಜಾಲರಿಯ ಮೇಲೆ ಬಟ್ಟೆ ಹಾಸಿ. ಹಿಡಿಯ ಸ್ಕ್ರೂಗೆ ಮೋರಿಯ ಮೇಲೆ ವಿಪರೀತ ಪ್ರೀತಿ. ಸ್ಪ್ಯಾನರ್ ಕಚ್ಚುವಲ್ಲಿ ಇನ್ನೊಂದು ಬಟ್ಟೆ ಸುತ್ತಿದರೆ ಹೊಳಪು ಉಳಿಯುತ್ತದೆ. ಹೊಸ ವಾಷರ್ ಹಾಕುವ ಮೊದಲು ಅದು ಕೂರುವ ಜಾಗವನ್ನು ಬೆರಳಿನಿಂದ ಸವರಿ. ಅಲ್ಲಿ ಗೀರು ಸಿಕ್ಕಿದರೆ ವಾಷರ್ ಬೇಗನೇ ಕತ್ತರಿಸಿಹೋಗುತ್ತದೆ, ನಲ್ಲಿಯನ್ನೇ ಬದಲಿಸುವುದು ವಾಸಿ.

ಬದಲಿಸುವುದಾದರೆ ಸಂದಿಯಲ್ಲಿ ನೀರು ಸೋರದ ಹಾಗೆ ಸುತ್ತುವ ಟೆಫ್ಲಾನ್ ಟೇಪ್ ಬೇಕು. ನಲ್ಲಿಯ ಥ್ರೆಡ್ ತುದಿ ನಿಮ್ಮ ಕಡೆ ಇರಲಿ. ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲಿ, ಎಳೆದು ಹಿಡಿದು, ಅರ್ಧ ಇಂಚಿನ ನಲ್ಲಿಗೆ ಹನ್ನೆರಡು ಹದಿನೈದು ಸುತ್ತು. ಉಲ್ಟಾ ಸುತ್ತಿದರೆ ನಲ್ಲಿ ಕೂರಿಸುವಾಗ ಟೇಪೆಲ್ಲ ಮುದ್ದೆಯಾಗಿ ಆಚೆ ಬರುತ್ತದೆ. ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಸ್ಪ್ಯಾನರ್. ಅಷ್ಟರಲ್ಲಿ ಮೂತಿ ಗೋಡೆ ನೋಡುತ್ತಿರುತ್ತದೆ, ಇದು ನಲ್ಲಿಗಳ ಜಾತಿಧರ್ಮ. "ಒಂಚೂರು ಹಿಂದಕ್ಕೆ ತಿರುಗಿಸ್ರೀ" ಎಂಬ ಸಲಹೆ ಬಾಗಿಲ ಕಡೆಯಿಂದ ಬಂದೇ ಬರುತ್ತದೆ. ಕೇಳಿದಿರೋ, ಟೇಪ್ ಸಡಿಲವಾಗಿ ಗೋಡೆಯೊಳಗೇ ಸೋರುತ್ತದೆ. ಜೋರು ಮಾಡಿ ಮುಂದಕ್ಕೆ ತಿರುಗಿಸಿದಿರೋ, ಗೋಡೆಯೊಳಗೆ ಪೈಪ್ ತಿರುಗುವಲ್ಲಿರುವ ಎಲ್ಬೋ ಪ್ಲಾಸ್ಟಿಕ್ ಥ್ರೆಡ್ಡಿನದಾಗಿದ್ದರೆ ಟಪ್ ಎನ್ನುತ್ತದೆ. ಆಮೇಲೆ ಟೈಲ್ಸ್ ಒಡೆಯಬೇಕು, ಆ ಬಣ್ಣದ ಟೈಲ್ಸ್ ಈಗ ಬರುತ್ತಿಲ್ಲ. ಪೂರ್ತಿ ಬಿಚ್ಚಿ, ಹಳೆ ಟೇಪ್ ಕೆರೆದು, ಎರಡು ಸುತ್ತು ಹೆಚ್ಚು ಹಾಕಿ ಮತ್ತೆ ಕೂರಿಸುವುದೇ ಸರಿ.

ವಾಲ್ವ್ ತೆರೆಯುವಾಗ ನಿಧಾನ. ಕೆಳಗೆ ನಲ್ಲಿಯೂ ತೆರೆದಿರಲಿ. ಗಾಳಿ ಹೊರಡುವಾಗ ಅದು ಕೆಮ್ಮುತ್ತದೆ, ಉಗುಳುತ್ತದೆ, ಮೊದಲಿಗೆ ಕೆಂಚು ನೀರು ಬಿಡುತ್ತದೆ. ಅದಕ್ಕೆ ಹೆದರಿ ಮತ್ತೆ ಸ್ಪ್ಯಾನರ್ ಹುಡುಕಲು ಹೋಗಬೇಡಿ.