ಙ ಅಕ್ಷರದ ಮಗು

ಅಕ್ಕನ ಮಗನಿಗೆ ಗಂಡು ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ ಅನ್ನುವ ಸುದ್ದಿಯ ಬೆನ್ನಿಗೇ ವಾಟ್ಸಾಪ್‌ನಲ್ಲಿ 'ಹೆಸರು ಹುಡುಕೋಣ' ಅನ್ನುವ ಗ್ರೂಪೂ ಹುಟ್ಟಿತು. ನನ್ನನ್ನು ಕೇಳದೆ ಸೇರಿಸಿದರು. ಮೊದಲ ಮೆಸೇಜು ಅಕ್ಕನ ಮಗನದೇ. "ಮೂರೇ ಕಂಡೀಷನ್. ಪುರಾಣದ್ದೇ ಆಗಿರಬೇಕು. ಯಾರೂ ಇಟ್ಟಿರಬಾರದು. ಅಮೆರಿಕದ ಮ್ಯಾನೇಜರ್ ಬಾಯಿಗೂ ಬರಬೇಕು."

ಪುರಾಣದಲ್ಲಿದ್ದೂ ಯಾರೂ ಇಟ್ಟಿಲ್ಲ ಅಂದರೆ ಅದಕ್ಕೊಂದು ಕಾರಣ ಇರುತ್ತೆ ಅಲ್ವಾ? ಹಿಂದಿನವರೇನು ಓದಿಲ್ಲದೆ ಬಿಟ್ಟರೇ?

ಮೊದಲು ಜಾತಕ ಬಂತು. ಆರ್ದ್ರಾ ನಕ್ಷತ್ರ, ಮೂರನೇ ಪಾದ, ಅಕ್ಷರ 'ಙ'. ಒಂದನೇ ಕ್ಲಾಸಿನಲ್ಲಿ ಕ ಖ ಗ ಘ ಙ ಅಂತ ರಾಗ ಎಳೆದದ್ದು ಬಿಟ್ಟರೆ ಆ ಅಕ್ಷರದ ಜೊತೆ ನನಗೆ ವ್ಯವಹಾರವೇ ಬಿದ್ದಿರಲಿಲ್ಲ. ಅದನ್ನು ಮೊಬೈಲ್ ಕೀಬೋರ್ಡಿನಲ್ಲಿ ಹುಡುಕುವಷ್ಟರಲ್ಲಿ ಮಗು ಎರಡು ಸಲ ಹಾಲು ಕುಡಿದು ಮಲಗಿತ್ತು. ಪುರೋಹಿತರೇ ಕನಿಕರಪಟ್ಟು, ಅದೇ ನಕ್ಷತ್ರದ ಉಳಿದ ಪಾದಗಳ ಅಕ್ಷರವೂ ನಡೆಯುತ್ತೆ ಅಂದರು. ಕು, ಘ, ಛ.

ಕು ಅಂದರೆ ಕುಮಾರ, ಕುಶ. ಬೇಡ, ಊರಿಗೆಲ್ಲ ಅದೇ. ಯಾರೂ ಇಡದೆ ಉಳಿದಿರೋದು ಕುಂಭಕರ್ಣ. ಘ ಅಂದರೆ ಘಟೋತ್ಕಚ. ಗಡಿಗೆಯಂಥ ಬೋಳು ತಲೆ ಇತ್ತು ಅಂತ ಆ ಹೆಸರು. ನಮ್ಮ ಕೂಸಿನ ತಲೆಯೂ ಥೇಟ್ ಹಾಗೇ ಇದೆ, ನಿದ್ದೆ ನೋಡಿದರೆ ಕುಂಭಕರ್ಣನೂ ಹೊಂದುತ್ತೆ ಅಂತ ಸುಮ್ನೆ ಗ್ರೂಪಿನಲ್ಲಿ ಹಾಕಿದೆ. ದಿವ್ಯಾ, ಅಂದರೆ ಬಾಣಂತಿ, ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ನಕ್ಷತ್ರದ ಹೆಸರು ಸಂಕಲ್ಪಕ್ಕೆ ಸಾಕು, ಕರೆಯುವ ಹೆಸರು ಬೇರೆ ಅಂತ ತೀರ್ಮಾನವಾಯಿತು. ಎಲ್ಲರೂ ಒಂದೊಂದು ಆ್ಯಪ್ ಇಳಿಸಿಕೊಂಡರು. ರೇಯಾಂಶ್, ಕಿಯಾಂಶ್, ವಿಯಾಂಶ್. ಯಾವುದನ್ನು ಒತ್ತಿದರೂ ಅರ್ಥ 'ವಿಷ್ಣುವಿನ ಅಂಶ'. ವಿಷ್ಣುವಿಗೆ ಸಹಸ್ರನಾಮದಲ್ಲೇ ಸಾವಿರ ಹೆಸರಿವೆ. ಅದರಲ್ಲಿ ಇವು ಒಂದೂ ಇಲ್ಲ. ಸಾವಿರ ಸಾಲದೆ ಬಂತು, ಪಾಪ.

ನಾಲ್ಕನೇ ದಿನ ದಿವ್ಯಾ 'ಜರತ್ಕಾರು' ತಂದಳು. ಯೂನಿಸೆಕ್ಸ್ ಹೆಸರಂತೆ. ಸುಳ್ಳೇನಲ್ಲ. ಮಹಾಭಾರತದ ಆದಿಪರ್ವದಲ್ಲಿ ಗಂಡನೂ ಜರತ್ಕಾರು, ಹೆಂಡತಿಯೂ ಜರತ್ಕಾರು. ನನ್ನದೇ ಹೆಸರಿನ ಹುಡುಗಿ ಸಿಕ್ಕರೆ ಮಾತ್ರ ಮದುವೆ ಅಂತ ಆ ಋಷಿ ಹಟ ಹಿಡಿದಿದ್ದ. ಸಿಕ್ಕಳು, ವಾಸುಕಿಯ ತಂಗಿ. ಒಂದು ದಿನ ಸಂಧ್ಯಾವಂದನೆಯ ಹೊತ್ತು ಮೀರುತ್ತೆ ಅಂತ ಅವಳು ನಿದ್ದೆಯಿಂದ ಎಬ್ಬಿಸಿದ್ದೇ ತಪ್ಪಾಗಿ, ಮನೆ ಬಿಟ್ಟು ಹೋದ. ಇಷ್ಟು ಹೇಳಿದ ಮೇಲೆ ದಿವ್ಯಾ ಗಂಡನ ಕಡೆ ಒಂದು ನೋಟ ನೋಡಿದಳು. ಬೆಳಿಗ್ಗೆ ಅವನನ್ನು ಎಬ್ಬಿಸುವ ಕೆಲಸ ಅವಳದೇ.

ಅಕ್ಕನ ಮಗ ಸೋಲುವವನಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. "ಸಿಕ್ತು ಮಾಮಾ! ಶುನಃಶೇಪ. ಋಗ್ವೇದದ ಋಷಿ. ಲಿಂಕ್ಡ್‌ಇನ್‌ನಲ್ಲೂ ಹುಡುಕಿದೆ, ಒಬ್ಬನೂ ಇಲ್ಲ."

"ಇರಲ್ಲ ಕಣೋ. ಅದರ ಅರ್ಥ ನಾಯಿ ಬಾಲ."

ನಂಬಲಿಲ್ಲ. ಐತರೇಯ ಬ್ರಾಹ್ಮಣದ ಕಥೆ ಹೇಳಬೇಕಾಯಿತು. ಅಜೀಗರ್ತನಿಗೆ ಮೂರು ಗಂಡು ಮಕ್ಕಳು. ಶುನಃಪುಚ್ಛ, ಶುನಃಶೇಪ, ಶುನೋಲಾಂಗೂಲ. ಮೂರಕ್ಕೂ ಅರ್ಥ ನಾಯಿ ಬಾಲವೇ. ಆ ಮನೆಯಲ್ಲೂ ಥೀಮ್ ಇಟ್ಟುಕೊಂಡಿದ್ದರು ಅಂತ ಕಾಣುತ್ತೆ. ಹರಿಶ್ಚಂದ್ರ ಮಗನನ್ನು ಬಲಿ ಕೊಡುತ್ತೇನೆ ಅಂತ ವರುಣನಿಗೆ ಮಾತು ಕೊಟ್ಟು, ಇವತ್ತು ನಾಳೆ ಅಂತ ತಳ್ಳುತ್ತಾ ಬಂದಿದ್ದ. (ಹೌದು, ಸತ್ಯಕ್ಕೆ ಹೆಸರಾದ ಅದೇ ಹರಿಶ್ಚಂದ್ರ.) ಕೊನೆಗೆ ಬದಲಿ ಹುಡುಗ ಬೇಕಾಯಿತು. ಹಿರಿಯವನನ್ನು ಅಪ್ಪ ಬಿಡಲಿಲ್ಲ, ಕಿರಿಯವನನ್ನು ಅಮ್ಮ ಬಿಡಲಿಲ್ಲ. ನಡುವಿನವನು 100 ಹಸುವಿಗೆ ಹೋದ. ಕಂಬಕ್ಕೆ ಕಟ್ಟಲು ಯಾರೂ ಮುಂದೆ ಬರದಿದ್ದಾಗ ಅಪ್ಪನೇ ಇನ್ನೂ 100 ಕೇಳಿ ಕಟ್ಟಿದ. ಕಡಿಯಲು ಮತ್ತೆ 100. ಹುಡುಗ ದೇವರುಗಳನ್ನು ಹೊಗಳಿ ಬಚಾವಾದ, ಅದು ಬೇರೆ ಮಾತು. ಆಗ ಮಗನನ್ನು ಕೊಟ್ಟ ಅಪ್ಪನಿಗೆ 300 ಹಸು ಸಿಕ್ಕವು. ಈಗ ಮಗನನ್ನು ಎಲ್‌ಕೆಜಿಗೆ ಸೇರಿಸಲು ಅಪ್ಪನೇ 300 ಹಸು ಮಾರಬೇಕು.

"ಕಥೆ ಸ್ವಲ್ಪ ಡಾರ್ಕ್. ಹೆಸರು ಮಾತ್ರ ಯೂನಿಕ್" ಅಂದ. "ಮನೇಲಿ ಶೇಪು ಅಂತ ಕರೀತೀವಿ."

ಸ್ಕೂಲಿನಲ್ಲಿ ಹುಡುಗರು ಅದಕ್ಕೆ 'ಔಟ್' ಸೇರಿಸದೆ ಬಿಡುತ್ತಾರಾ? ನಾನು ಬಾಯಿ ಬಿಡುವ ಮೊದಲೇ ಪಕ್ಕದಲ್ಲಿ ಹೂಬತ್ತಿ ಹೊಸೆಯುತ್ತಿದ್ದ ನನ್ನ ಅಮ್ಮ ಫೋನ್ ಕಿತ್ತುಕೊಂಡಳು. "ಲೋ, ಅಜಾಮಿಳ ಸಾಯೋವಾಗ ಮಗನ್ನ ನಾರಾಯಣಾ ಅಂತ ಕೂಗಿದ, ವಿಷ್ಣುದೂತರು ಓಡಿ ಬಂದ್ರು. ನೀನು ಶೇಪೂ ಅಂತ ಕೂಗು. ಬೀದಿ ನಾಯಿ ಬರುತ್ತೆ."

ಅಮ್ಮನ ಕಾಲದಲ್ಲಿ ಹೆಸರಿಗೆ ಗ್ರೂಪು ಬೇಕಿರಲಿಲ್ಲ. ತಾತನ ಹೆಸರು ಮೊಮ್ಮಗನಿಗೆ. ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆ ಮೇಲೆ ಹೊರಳಿಸಿ ತಿಪ್ಪಯ್ಯ ಅನ್ನುತ್ತಿದ್ದರು. ಹೆಣ್ಣೇ ಸಾಲಾಗಿ ಹುಟ್ಟಿದರೆ ಸಾಕಮ್ಮ. ಅದು ಕ್ರೂರವೇ, ನಾನೇನೂ ಹೊಗಳುತ್ತಿಲ್ಲ. ಆದರೆ ಹೆಸರು ಕೇಳಿದರೆ ಆ ಮನೆಯ ಕಥೆ ಗೊತ್ತಾಗುತ್ತಿತ್ತು. ಈಗ ಗೊತ್ತಾಗುವುದು ಯಾವ ಆ್ಯಪ್ ಅನ್ನುವುದಷ್ಟೇ.

ಹನ್ನೊಂದನೇ ದಿನ ನಾಮಕರಣ ಬಂದೇ ಬಿಟ್ಟಿತು. ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೆಸರು ಬರೆಯಬೇಕು. ಕೊನೇ ಗಳಿಗೆಯಲ್ಲಿ ಗೆದ್ದು ಬಂದಿದ್ದವನು ಧೃಷ್ಟದ್ಯುಮ್ನ. ಅಕ್ಕನ ಮಗ ಓದಿದ್ದು ಇಂಗ್ಲಿಷ್ ಮೀಡಿಯಂ. 'ಧೃ' ದಾಟಿ 'ಷ್ಟ'ಕ್ಕೆ ಬರುವಷ್ಟರಲ್ಲಿ ಅಕ್ಕಿ ಅರ್ಧ ಚಾಪೆ ಮೇಲಿತ್ತು. ಇಂಗ್ಲಿಷಿನಲ್ಲಿ ಬರೆಯಲಾ ಅಂದ. ಅದೂ 14 ಅಕ್ಷರ. ಮುಹೂರ್ತ ಮೀರುತ್ತೆ ಅಂತ ಪುರೋಹಿತರು ಗದರಿದ ಮೇಲೆ 'ಕುಮಾರ' ಅಂತ ಗೀಚಿ, "ಇದು ಟೆಂಪರರಿ" ಅಂತ ಎಲ್ಲರಿಗೂ ಕೇಳುವಂತೆ ಹೇಳಿದ. ಹೆಂಗಸರು ಕೂಸಿನ ಕಿವಿಯಲ್ಲಿ ಕುರ್ರ್ ಅಂದರು. ಟೆಂಪರರಿ ಅನ್ನುವುದನ್ನು ಹೇಳಿದರೋ ಇಲ್ಲವೋ ಗೊತ್ತಿಲ್ಲ.

ಕಾನೂನೂ ಅವನ ಪರವೇ ಇದೆ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಹೆಸರಿಗೆ ಆತುರವಿಲ್ಲ. ವರ್ಷದೊಳಗೆ ಪುಕ್ಕಟೆಯಾಗಿ ಸೇರಿಸಬಹುದು. ಆಮೇಲೆ ತಡದ ಶುಲ್ಕ ಕಟ್ಟಿ, 15 ವರ್ಷದವರೆಗೂ. ಇದನ್ನು ಓದಿದ ದಿನ ಅವನ ಮುಖದಲ್ಲಿ ಎಂಥ ಕಳೆ! ಗ್ರೂಪಿಗೆ ಇನ್ನೂ ನಾಲ್ಕು ಜನರನ್ನು ಸೇರಿಸಿದ.

ಮೊನ್ನೆ ಒಂದೂವರೆ ತಿಂಗಳ ಲಸಿಕೆಗೆ ನಾನೂ ಜೊತೆಗೆ ಹೋಗಿದ್ದೆ. ಕಾರ್ಡಿನಲ್ಲಿ ಮಗುವಿನ ಹೆಸರಿನ ಜಾಗ ಖಾಲಿ. ನರ್ಸ್ ಬಾಗಿಲಲ್ಲಿ ನಿಂತು ಕೂಗಿದರು. "ಬೇಬಿ ಆಫ್ ದಿವ್ಯಾ!"

ಮೂವರು ತಾಯಂದಿರು ಎದ್ದು ನಿಂತರು.