ಕಿಸುಮುವಿನ ಅಂತರಗಂಗೆ, ನಮ್ಮೂರಿನ ಗೋಬರ್ ಗ್ಯಾಸ್

ನಾನು ಶಿರಸಿ ಕಡೆಯವನು. ಈಗಿರುವುದು ಕೀನ್ಯಾದ ಕಿಸುಮುವಿನಲ್ಲಿ, ವಿಕ್ಟೋರಿಯಾ ಸರೋವರದ ದಡದಲ್ಲಿ. ಕೆಲವು ದಿನ ಬೆಳಿಗ್ಗೆ ಎದ್ದು ನೋಡಿದರೆ ನೀರೇ ಕಾಣುವುದಿಲ್ಲ. ರಾತ್ರೋರಾತ್ರಿ ಗಾಳಿ ಅಂತರಗಂಗೆಯನ್ನು ತಂದು ದಡಕ್ಕೆ ಒತ್ತಿರುತ್ತದೆ. ಅದೇ, ನಮ್ಮ ಕೆರೆಗಳಲ್ಲೂ ನೀರ ಮೇಲೆ ತೇಲುತ್ತಾ ನೀಲಿ ಹೂ ಬಿಡುವ ಕಳೆಗಿಡ, ವಾಟರ್ ಹಯಸಿಂತ್. ಅವತ್ತು ದೋಣಿ ಹೊರಡುವಂತಿಲ್ಲ, ಮೀನಿಲ್ಲ, ದುಡಿಮೆಯೂ ಇಲ್ಲ.

ಇಲ್ಲೇ ಪಕ್ಕದ ಡುಂಗಾ ಎಂಬ ಮೀನುಗಾರರ ಹಳ್ಳಿಯಲ್ಲಿ ಒಂದು ಮನೆಗೆ ಹೋಗಿದ್ದೆ. ಮನೆಯಾಕೆ ಕತ್ತಿ ಹಿಡಿದು ಅಂತರಗಂಗೆ ಕೊಚ್ಚುತ್ತಿದ್ದರು. ದಂಟು ಸ್ಪಂಜಿನ ಹಾಗೆ, ಒತ್ತಿದರೆ ನೀರು ಇಳಿಯುತ್ತದೆ. ಕೊಚ್ಚಿದ್ದನ್ನು ಬಕೆಟ್ಟಿನಲ್ಲಿ ಕಲಸಿ, ಹಿತ್ತಲಲ್ಲಿ ಉಬ್ಬಿಕೊಂಡು ಮಲಗಿದ್ದ ದೊಡ್ಡ ಚೀಲದೊಳಗೆ ಸುರಿದರು. ಅದು ಚೀಲದಲ್ಲಿ ಕೊಳೆತು ಗ್ಯಾಸ್ ಆಗುತ್ತದೆ. ಆಮೇಲೆ ಒಳಗೆ ಹೋಗಿ ಆ ಗ್ಯಾಸಿನ ಒಲೆ ಹಚ್ಚಿದರು. ನೀಲಿ ಉರಿ, ಹೊಗೆಯೇ ಇಲ್ಲ. ಹಿಂದೆ ಇದೇ ಅಡುಗೆಮನೆಯಲ್ಲಿ ಇದ್ದಿಲು ಉರಿಯುತ್ತಿತ್ತಂತೆ.

ನನಗೆ ಥಟ್ಟನೆ ನೆನಪಾಗಿದ್ದು ಅಮ್ಮ. ದಿನಾ ಬೆಳಿಗ್ಗೆ ಗೋಬರ್ ಗ್ಯಾಸ್ ತೊಟ್ಟಿಗೆ ಸಗಣಿ ಕಲಸುತ್ತಿದ್ದಳು. ಕೆಲಸ ಅದೇ, ಒಳಗೆ ಹಾಕುವ ಮೇವು ಮಾತ್ರ ಬೇರೆ. ವಿದ್ಯೆ ನಮಗೆ ಹೊಸದೇನಲ್ಲ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ 1987ರಲ್ಲೇ ಸಗಣಿ ಗ್ಯಾಸಿನಿಂದ ದೀಪ ಉರಿಸಿ, ನೀರೆತ್ತಿದ್ದರು. ಅದನ್ನು ಮಾಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ. ಸೊಪ್ಪು ಸದೆಯಿಂದ ಗ್ಯಾಸ್ ತೆಗೆಯುವುದನ್ನೂ ಅವರೇ ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದಾರೆ.

ಆದರೂ ಬೆಂಗಳೂರಿನ ಕೆರೆಗಳಲ್ಲಿ ನಾವು ಮಾಡುವುದೇನು? ಟೆಂಡರ್ ಕರೆಯುತ್ತೇವೆ, ಯಂತ್ರ ಇಳಿಸುತ್ತೇವೆ, ಕಳೆ ಎತ್ತಿ ದಡಕ್ಕೆ ಒಟ್ಟುತ್ತೇವೆ, ಲಾರಿಗೆ ಹೇರುತ್ತೇವೆ. ಈ ಗಿಡದ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಬರೀ ನೀರು. ಅಂದರೆ ಡೀಸೆಲ್ ಸುಟ್ಟು ನೀರು ಸಾಗಿಸುತ್ತಿದ್ದೇವೆ, ಅಲ್ವಾ? ಡುಂಗಾದಲ್ಲಿ ಗಿಡ ದಡದಿಂದ ಹಿತ್ತಲಿಗೆ ಬರುತ್ತದೆ, ಅಷ್ಟೇ. ನನಗೆ ತುಂಬಾ ಹಿಡಿಸಿದ್ದು ಇದೇ.

ಇದರಿಂದ ಸರೋವರದ ಕಳೆಯೆಲ್ಲ ಖಾಲಿಯಾಗಿಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ. ಕಾಲ ಕೂಡಿಬಂದರೆ ಈ ಗಿಡ ಎರಡೇ ವಾರದಲ್ಲಿ ಎರಡರಷ್ಟಾಗುತ್ತದೆ, ಒಲೆಗಳು ಅದರ ಜೊತೆ ಓಡಲಾರವು. ಕೆರೆಗೆ ಕೊಳಚೆ ಬರುವುದು ನಿಲ್ಲದೆ ಕಳೆಯೂ ನಿಲ್ಲದು. ಆದರೆ ಹೇಗೂ ಕಿತ್ತು ಹಾಕುವ ಗಿಡ ಕೆರೆ ಪಕ್ಕದ ಒಂದು ಹಾಸ್ಟೆಲ್ಲಿನ ಅನ್ನ ಬೇಯಿಸಲಿ. ಶುರುವಿಗೆ ಸ್ವಲ್ಪ ಸಗಣಿ ಬೇಕು, ದಿನಾ ಕೊಚ್ಚಿ ಹಾಕುವ ಕೈ ಬೇಕು. ಆ ಕೈಗೆ ಸಂಬಳ ಕೊಡಲೇಬೇಕು.

ಒಂದು ಎಚ್ಚರ ಮಾತ್ರ ಇರಲಿ. ಕೊಳಚೆ ಕೆರೆಯ ಅಂತರಗಂಗೆ ಸೀಸದಂಥ ಲೋಹಗಳನ್ನು ಹೀರಿಕೊಂಡಿರುತ್ತದೆ. ಗ್ಯಾಸ್ ಹೋದ ಮೇಲೆ ಉಳಿಯುವ ಸಗಣಿ ಸ್ಲರಿಯನ್ನು ಅಮ್ಮ ತೋಟಕ್ಕೆ ಹಾಕುತ್ತಿದ್ದಳು. ಅಂತರಗಂಗೆಯ ಸ್ಲರಿಯನ್ನು ಮಾತ್ರ ಪರೀಕ್ಷೆ ಮಾಡಿಸದೆ ಸೊಪ್ಪು ತರಕಾರಿಗೆ ಹಾಕಬೇಡಿ.