ಸತ್ಯಾಂಶ: ಮಂಜು ತಲೆಗೆ ಬಿದ್ದರೆ ನೆಗಡಿ ಬರುತ್ತಾ?

"ಚಳಿಗಾಲ ಮುಗಿಯೋವರೆಗೂ ಬೆಳಗ್ಗೆ ವಾಕಿಂಗ್ ಬೇಡ, ಮಂಜು ತಲೆಗೆ ಬಿದ್ದರೆ ನೆಗಡಿ ಗ್ಯಾರಂಟಿ" ಅನ್ನೋ ಫಾರ್ವರ್ಡ್ ಮತ್ತೆ ಓಡಾಡುತ್ತಿದೆ. ನೆಗಡಿ ತರುವುದು ಮಂಜಲ್ಲ, ವೈರಸ್. ಅದು ಸುಲಭವಾಗಿ ಹರಡುವುದು ಕಿಟಕಿ ಮುಚ್ಚಿ ಎಲ್ಲರೂ ಒತ್ತೊತ್ತಾಗಿ ಕೂತ ರೂಮಿನಲ್ಲಿ.

ಬೆಂಗಳೂರಿನ ಚಳಿಯಾದರೂ ಎಷ್ಟು? ಜನವರಿಯ ಬೆಳಗ್ಗೆ ಸಾಮಾನ್ಯವಾಗಿ 15–16 ಡಿಗ್ರಿ. ದಾಖಲೆಯ ಕನಿಷ್ಠ 7.8, ಅದೂ 1884ರಲ್ಲಿ! ಲಾಲ್‌ಬಾಗ್ ಬಂಡೆ ಹತ್ತುವಾಗ ಮೈಮೇಲಿದ್ದ ಸ್ವೆಟರ್ ಇಳಿಯುವಾಗ ಸೊಂಟಕ್ಕೆ ಬಂದಿರುತ್ತದೆ, ಅಲ್ವಾ? ಹಕ್ಕಿ ನೋಡುವವರಿಗಂತೂ ಇದೇ ಸುಗ್ಗಿ. ವಲಸೆ ಹಕ್ಕಿಗಳು ನಮ್ಮ ಕೆರೆಗಳಿಗೆ ಬರುವುದೇ ಈ ತಿಂಗಳುಗಳಲ್ಲಿ.

ಆಸ್ತಮಾ ಇರುವವರು ಮಾತ್ರ ಹುಷಾರು. ತಣ್ಣನೆ ಗಾಳಿಗೆ ಉಸಿರು ಕಟ್ಟಬಹುದು. ಮೂಗು ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು, ಸ್ವಲ್ಪ ಬಿಸಿಲೇರಿದ ಮೇಲೆ ಹೊರಟರಾಯಿತು.